ಸಸ್ಪೆನ್ಷನ್ ದರ ಜಾಸ್ತಿ ಇದ್ದರೆ ಆ ಶಾಲೆ ಅಪಾಯದ್ದೇ?

ಪ್ರಶ್ನೆ: ನಾವು ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಬಂದು ಎರಡು ವರ್ಷ ಆಯಿತು. ಮಗ ಮುಂದಿನ ವರ್ಷ ಆರನೇ ಕ್ಲಾಸು, ಮಿಡ್ಲ್ ಸ್ಕೂಲಿಗೆ ಹೋಗಬೇಕು. ಅವನಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ಸಮಸ್ಯೆ) ಇದೆ, ಈಗಿನ ಶಾಲೆಯಲ್ಲಿ 504 ಪ್ಲಾನ್, ಅಂದರೆ ಅವನಿಗೆ ತರಗತಿಯಲ್ಲಿ ಬೇಕಾದ ಅನುಕೂಲಗಳ ಲಿಖಿತ ಯೋಜನೆ, ಮಾಡಿಕೊಟ್ಟಿದ್ದಾರೆ. ಎರಡು ಕಡೆ ಮನೆ ನೋಡಿದ್ದೇವೆ. ಎರಡೂ ಕಡೆಯ ಶಾಲೆಗಳ ವರದಿ ತೆಗೆದು ನೋಡಿದೆವು. ಒಂದರಲ್ಲಿ ಸಸ್ಪೆನ್ಷನ್ ದರ ಶೇ 2, ಹಸಿರು ಬಣ್ಣ. ಇನ್ನೊಂದರಲ್ಲಿ ಶೇ 7, ಕಿತ್ತಳೆ ಬಣ್ಣ. ನಮ್ಮ ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಿದರೆ ‘ಎರಡನೇದು ರೌಡಿ ಶಾಲೆ, ಆ ಕಡೆ ಹೋಗಲೇಬೇಡಿ’ ಅಂದರು. ಕೆಲವರು ಕಪ್ಪು ಮಕ್ಕಳ ಬಗ್ಗೆ ಒಂದಷ್ಟು ಅಂಕಿ ಹಾಕಿ ಏನೇನೋ ಬರೆದರು. ನನಗೆ ಅದು ಸರಿ ಅನಿಸಲಿಲ್ಲ, ಆದರೆ ಉತ್ತರ ಕೊಡಲೂ ಗೊತ್ತಾಗಲಿಲ್ಲ. ಈ ವರದಿಗಳನ್ನು ಹೇಗೆ ಓದಬೇಕು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಶೇ 7 ಅನ್ನುವ ಒಂದೇ ಅಂಕಿ ನೋಡಿ ಆ ಶಾಲೆ ಅಪಾಯದ್ದು ಅನ್ನಲು ಬರುವುದಿಲ್ಲ. ಶೇ 2 ನೋಡಿ ಇನ್ನೊಂದು ಶಾಲೆ ನಿಮ್ಮ ಮಗನಿಗೆ ಒಳ್ಳೆಯದು ಅನ್ನಲೂ ಬರುವುದಿಲ್ಲ. ಹಾಗಂತ ವರದಿ ಕೆಲಸಕ್ಕೆ ಬಾರದ್ದು ಅಂತ ಪಕ್ಕಕ್ಕಿಡಬೇಡಿ. ಇಲ್ಲಿನ ಒಂದು ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ (ಒಂದು ಪ್ರದೇಶದ ಸರಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಇಂಥ ಅಂಕಿಗಳನ್ನು ಕೂಡಿಸಿ, ತಾಳೆ ನೋಡಿ, ರಾಜ್ಯಕ್ಕೆ ಕಳಿಸುವ ಕೆಲಸ ಮಾಡಿದವನು ನಾನು. ಅದರಲ್ಲಿ ತಿಳಿಯುವಂಥದ್ದು ಬೇಕಾದಷ್ಟಿದೆ. ಅದು ಯಾವುದರ ಲೆಕ್ಕ ಅನ್ನುವುದನ್ನು ಮಾತ್ರ ಮೊದಲು ಹಿಡಿದುಕೊಳ್ಳಬೇಕು.

ಮಗು ಏನು ಮಾಡಿತು ಅನ್ನುವುದು ಈ ವರದಿಗೆ ನೇರವಾಗಿ ಬರುವುದಿಲ್ಲ. ಮಗು ಏನೋ ಮಾಡುತ್ತದೆ. ಅದು ಟೀಚರ್ ಕಣ್ಣಿಗೆ ಬೀಳಬಹುದು, ಬೀಳದೆಯೂ ಇರಬಹುದು. ಬಿದ್ದರೆ ಅಲ್ಲೇ ಗದರಿ ಬಿಡಬಹುದು, ಇಲ್ಲವೇ ಆಫೀಸಿಗೆ ಕಳಿಸಬಹುದು. ಆಫೀಸಿನಲ್ಲಿ ವೈಸ್ ಪ್ರಿನ್ಸಿಪಾಲರು ಅಪ್ಪ ಅಮ್ಮನಿಗೆ ಫೋನ್ ಮಾಡಿ ಮುಗಿಸಬಹುದು, ಕೌನ್ಸೆಲರ್ ಹತ್ತಿರ ಕೂರಿಸಬಹುದು, ಇಲ್ಲವೇ ಸಸ್ಪೆಂಡ್ ಮಾಡಬಹುದು. ಆಮೇಲೆ ಯಾರೋ ಕೂತು ಅದಕ್ಕೊಂದು ಕೋಡ್ ಹಾಕಿ ಕಂಪ್ಯೂಟರಿಗೆ ಸೇರಿಸಬೇಕು. ಇಷ್ಟೆಲ್ಲ ದಾಟಿ ಬಂದದ್ದು ಮಾತ್ರ ನೀವು ನೋಡುವ ಅಂಕಿಯಲ್ಲಿ ಇರುತ್ತದೆ. ಹೆಜ್ಜೆ ಹೆಜ್ಜೆಗೂ ದೊಡ್ಡವರು ಒಂದು ತೀರ್ಮಾನ ತೆಗೆದುಕೊಂಡಿರುತ್ತಾರೆ. ಈ ಅಂಕಿ ಲೆಕ್ಕ ಹಾಕುವುದು ಆ ತೀರ್ಮಾನಗಳನ್ನು. ಬೆಂಗಳೂರಿನಲ್ಲಿ ಪೊಲೀಸರು ದಿನಾ ನಿಲ್ಲುವ ಸಿಗ್ನಲ್‌ನಲ್ಲಿ ದಂಡ ಜಾಸ್ತಿ ಬೀಳುತ್ತದೆ. ಅಲ್ಲಿ ಓಡಾಡುವವರೇ ಕೆಟ್ಟ ಡ್ರೈವರುಗಳು ಅಂತ ನಾವು ಹೇಳುವುದಿಲ್ಲ, ಅಲ್ವಾ?

ಇನ್ನೊಂದು ವಿಷಯ. ನಮ್ಮೂರಿನಲ್ಲಿ ಓದಿದವರಿಗೆ ಸಸ್ಪೆಂಡ್ ಅಂದ ತಕ್ಷಣ ಟಿಸಿ ಕೊಟ್ಟು ಕಳಿಸಿದ ಚಿತ್ರ ಕಣ್ಣಮುಂದೆ ಬರುತ್ತದೆ. ಇಲ್ಲಿ ಅದು ಬಹಳ ಸಲ ಒಂದೆರಡು ದಿನದ ಮಾತು. ಕ್ಯಾಲಿಫೋರ್ನಿಯಾದಲ್ಲಿ ಒಂದು ಸಲಕ್ಕೆ ಸತತವಾಗಿ 5 ಶಾಲಾ ದಿನಕ್ಕಿಂತ ಜಾಸ್ತಿ ಸಸ್ಪೆಂಡ್ ಮಾಡುವಂತಿಲ್ಲ. ಶಾಲೆಯೊಳಗೇ ಬೇರೆ ಕೋಣೆಯಲ್ಲಿ ಕೂರಿಸುವ ಸಸ್ಪೆನ್ಷನ್ನೂ ರಾಜ್ಯದ ದರದಲ್ಲಿ ಸೇರಿರುತ್ತದೆ. ಶಾಲೆಯಿಂದ ತೆಗೆದುಹಾಕುವುದಕ್ಕೆ ಎಕ್ಸ್‌ಪಲ್ಷನ್ ಅನ್ನುತ್ತಾರೆ. ಅದರ ಲೆಕ್ಕ ಬೇರೆ, ಸಂಖ್ಯೆಯೂ ತುಂಬ ಕಡಿಮೆ.

ಈಗ ಶೇ 7 ಅಂದರೆ ಏನು ಅಂತ ನೋಡೋಣ. ಉದಾಹರಣೆಗೆ ಆ ಶಾಲೆಯಲ್ಲಿ 800 ಮಕ್ಕಳು ಇದ್ದಾರೆ ಅಂತ ಇಟ್ಟುಕೊಳ್ಳಿ. ಆ ವರ್ಷ 56 ಮಕ್ಕಳು ಒಮ್ಮೆಯಾದರೂ ಸಸ್ಪೆಂಡ್ ಆಗಿದ್ದಾರೆ ಅಂತ ಅರ್ಥ. ಒಬ್ಬ ಹುಡುಗ ಐದು ಸಲ ಸಸ್ಪೆಂಡ್ ಆಗಿದ್ದರೂ ದರದಲ್ಲಿ ಅವನು ಒಬ್ಬನೇ. ಹಾಗಾಗಿ ಎಷ್ಟು ಘಟನೆ ನಡೆಯಿತು ಅನ್ನುವುದು ಈ ದರದಲ್ಲಿ ಕಾಣುವುದಿಲ್ಲ. ಅದಕ್ಕೆ ರಾಜ್ಯದ ಡೇಟಾಕ್ವೆಸ್ಟ್ ಪುಟಕ್ಕೆ ಹೋಗಬೇಕು. ಅಲ್ಲಿ ಒಟ್ಟು ಸಸ್ಪೆನ್ಷನ್ ಎಷ್ಟು, ಸಸ್ಪೆಂಡ್ ಆದ ಮಕ್ಕಳು ಎಷ್ಟು ಅಂತ ಪಕ್ಕಪಕ್ಕದಲ್ಲೇ ಇರುತ್ತದೆ. 56 ಮಕ್ಕಳಿಗೆ 60 ಸಸ್ಪೆನ್ಷನ್ ಇದ್ದರೆ ಒಂದು ಕಥೆ. ಬಹುತೇಕ ಮಕ್ಕಳಿಗೆ ಒಂದು ಸಲ ಬಿಸಿ ಮುಟ್ಟಿದೆ, ಅಲ್ಲಿಗೆ ನಿಂತಿದೆ. 56 ಮಕ್ಕಳಿಗೆ 150 ಇದ್ದರೆ ಕಥೆಯೇ ಬೇರೆ. ಅದೇ ಮಕ್ಕಳನ್ನು ಮತ್ತೆ ಮತ್ತೆ ಮನೆಗೆ ಕಳಿಸುತ್ತಿದ್ದಾರೆ, ಏನೂ ಸರಿಹೋಗುತ್ತಿಲ್ಲ. ನಾನಾಗಿದ್ದರೆ ದರಕ್ಕಿಂತ ಮೊದಲು ಇದನ್ನೇ ನೋಡುತ್ತೇನೆ.

ಭಾಗಿಸುವ ಸಂಖ್ಯೆ ಯಾವುದು ಅನ್ನುವುದನ್ನೂ ಗಮನಿಸಿ. ಈ ದರಕ್ಕೆ ಕ್ಯಾಲಿಫೋರ್ನಿಯಾ ಇಡೀ ವರ್ಷದಲ್ಲಿ ಯಾವಾಗಲಾದರೂ ಆ ಶಾಲೆಯಲ್ಲಿ ಹೆಸರಿದ್ದ ಎಲ್ಲ ಮಕ್ಕಳನ್ನೂ ಎಣಿಸುತ್ತದೆ. ಶಾಲೆಯ ಮಕ್ಕಳ ಸಂಖ್ಯೆ ಅಂತ ಬೇರೆ ಕಡೆ ನೀವು ನೋಡುವುದು ಸಾಮಾನ್ಯವಾಗಿ ಅಕ್ಟೋಬರ್ ಮೊದಲ ಬುಧವಾರ ಎಣಿಸಿದ್ದು. ಮಕ್ಕಳು ಬಂದು ಹೋಗುವುದು ಜಾಸ್ತಿ ಇರುವ ಕಡೆ ಈ ಎರಡರ ನಡುವೆ ಒಳ್ಳೇ ವ್ಯತ್ಯಾಸ ಇರುತ್ತದೆ. ಗುಂಪುಗಳಲ್ಲಿ ಜನ ಎರಡು ಕಡೆಯ ಅಂಕಿ ಹೆಕ್ಕಿ ತಾವೇ ಶೇಕಡಾ ಹಾಕಿ ಕಳಿಸುತ್ತಾರೆ ನೋಡಿ, ಅದು ತಪ್ಪುವುದು ಇಲ್ಲೇ.

ಮುಂದಿನದು ಕಾರಣಗಳ ಪಟ್ಟಿ. ನಿಮ್ಮ ಗುಂಪಿನವರು ‘ರೌಡಿ ಶಾಲೆ’ ಅಂದರಲ್ಲ, ಅದು ಹೌದೋ ಅಲ್ಲವೋ ಅಂತ ಸ್ವಲ್ಪವಾದರೂ ಹೇಳಬಲ್ಲದ್ದು ಇದೊಂದೇ. ಡೇಟಾಕ್ವೆಸ್ಟ್‌ನಲ್ಲಿ ಸಸ್ಪೆನ್ಷನ್‌ಗಳನ್ನು ಆರು ಕಾರಣಗಳಲ್ಲಿ ಹಂಚಿರುತ್ತಾರೆ. ಗಾಯ ಆದ ಹೊಡೆದಾಟ, ಗಾಯ ಆಗದ ಹೊಡೆದಾಟ, ಆಯುಧ, ಮಾದಕ ವಸ್ತು, ಬರೀ ಮಾತು ಕೇಳದಿರುವುದು, ಮತ್ತು ಇತರೆ. ಒಂದು ಘಟನೆಯಲ್ಲಿ ಎರಡು ಮೂರು ತಪ್ಪು ಇದ್ದರೆ ಅತಿ ಗಂಭೀರವಾದದ್ದರ ಕೆಳಗೆ ಮಾತ್ರ ಅದು ಸೇರುತ್ತದೆ. ಶೇ 7ರಲ್ಲಿ ದೊಡ್ಡ ಪಾಲು ಗಾಯ ಆದ ಹೊಡೆದಾಟವೋ, ಬಾತ್‌ರೂಮಿನಲ್ಲಿ ವೇಪ್ (ಇ-ಸಿಗರೇಟು) ಹಿಡಿದದ್ದೋ ಅನ್ನುವುದು ನಿಮಗೆ ಮುಖ್ಯ ಅಲ್ವಾ? ಎರಡಕ್ಕೂ ದರದಲ್ಲಿ ಒಂದೇ ಬೆಲೆ.

ಮಾತು ಕೇಳದಿರುವುದು ಅನ್ನುವ ಸಾಲಿಗೆ ದೊಡ್ಡ ಇತಿಹಾಸವೇ ಇದೆ. ಅದನ್ನು ತಿಳಿಯದೆ ಕ್ಯಾಲಿಫೋರ್ನಿಯಾದ ಹಳೇ ಅಂಕಿ ಓದಿದರೆ ಮೋಸ ಹೋಗುತ್ತೀರಿ. ಇಲ್ಲಿನ ಶಿಕ್ಷಣ ಕಾನೂನಿನ 48900ನೇ ಕಲಮಿನ ‘ಕೆ’ ಭಾಗದಲ್ಲಿ ಬೇಕೆಂದೇ ಎದುರಾಡುವುದು, ಪಾಠಕ್ಕೆ ಅಡ್ಡಿ ಮಾಡುವುದು ಸಸ್ಪೆನ್ಷನ್‌ಗೆ ಒಂದು ಕಾರಣ. ಟೋಪಿ ತೆಗೆಯಲಿಲ್ಲ, ಫೋನ್ ಕೊಡಲಿಲ್ಲ, ಎದುರು ಮಾತಾಡಿದ, ಎಲ್ಲ ಇದರಲ್ಲೇ ಹೋಗುತ್ತಿತ್ತು. ಒಂದು ಕಾಲಕ್ಕೆ ರಾಜ್ಯದ ಸಸ್ಪೆನ್ಷನ್‌ಗಳಲ್ಲಿ ಅರ್ಧದ ಹತ್ತಿರ ಇದೊಂದೇ ಕಾರಣಕ್ಕೆ ಆಗುತ್ತಿದ್ದವು. 2015ರಿಂದ ಮೂರನೇ ಕ್ಲಾಸಿನವರೆಗಿನ ಮಕ್ಕಳನ್ನು ಈ ಕಾರಣಕ್ಕೆ ಸಸ್ಪೆಂಡ್ ಮಾಡುವುದನ್ನು ಕಾನೂನು ನಿಲ್ಲಿಸಿತು. 2020ರ ಜುಲೈನಿಂದ ಎಂಟನೇ ಕ್ಲಾಸಿನವರೆಗೆ ಚಾಚಿತು. 2024ರ ಜುಲೈನಿಂದ ಹೈಸ್ಕೂಲೂ ಸೇರಿತು. 2011–12ರಲ್ಲಿ ರಾಜ್ಯದ ಸಸ್ಪೆನ್ಷನ್ ದರ ಶೇ 5.8 ಇತ್ತು. ಕೋವಿಡ್‌ಗೆ ಮುಂಚಿನ ಹೊತ್ತಿಗೆ ಅದು ಶೇ 3.5ರ ಆಸುಪಾಸಿಗೆ ಇಳಿದಿತ್ತು. ಆ ಏಳೆಂಟು ವರ್ಷದಲ್ಲಿ ಕ್ಯಾಲಿಫೋರ್ನಿಯಾದ ಮಕ್ಕಳೆಲ್ಲ ಸಾಧುಗಳಾದರು ಅಂತ ಇದರ ಅರ್ಥ ಅಲ್ಲ. ನಿಯಮ ಬದಲಾಯಿತು, ಶಾಲೆಗಳು ತಮ್ಮ ಅಭ್ಯಾಸ ಬದಲಾಯಿಸಿಕೊಂಡವು. ನನ್ನ ಅಭಿಪ್ರಾಯದಲ್ಲಿ ಅದು ಒಳ್ಳೆಯ ಬದಲಾವಣೆ. ಟೋಪಿಗೋಸ್ಕರ ಎರಡು ದಿನದ ಪಾಠ ಕಳೆದುಕೊಂಡ ಮಗುವಿಗೆ ಏನು ಸಿಕ್ಕಿತು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಿಯಮ ಉಲ್ಟಾ ದಿಕ್ಕಿಗೂ ತಿರುಗಬಹುದು. ಟೆಕ್ಸಾಸ್‌ನಲ್ಲಿ 2023ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ಕಾನೂನು, ಶಾಲೆಯಲ್ಲಿ ವೇಪ್ ಸಿಕ್ಕಿದರೆ ಆ ಮಗುವನ್ನು ಶಿಸ್ತಿಗೆಂದೇ ಇರುವ ಬೇರೆ ಕೇಂದ್ರಕ್ಕೆ ಕಳಿಸಲೇಬೇಕು ಅಂದಿತು. ಡಾಲಸ್ ಕಡೆ, ಆಸ್ಟಿನ್ ಕಡೆ ಇರುವ ನಮ್ಮವರು ಆ ವರ್ಷದ ಅಂಕಿಯನ್ನು ಹಿಂದಿನ ವರ್ಷದ ಪಕ್ಕ ಇಟ್ಟು ‘ಮಕ್ಕಳು ಕೆಟ್ಟುಹೋದರು’ ಅಂದುಕೊಂಡರೆ ಅದು ತಪ್ಪು. ಹಿಂದಿನ ವರ್ಷವೂ ಅದೇ ಮಕ್ಕಳು, ಅದೇ ವೇಪ್. ಆಗ ಏನು ಮಾಡಬೇಕು ಅನ್ನುವುದು ಶಾಲೆಗೆ ಬಿಟ್ಟದ್ದಾಗಿತ್ತು, ಅಷ್ಟೇ. ಹಾಗಾಗಿ ಅಂಕಿ ದಿಢೀರನೆ ಏರಿದ್ದೋ ಇಳಿದದ್ದೋ ಕಂಡರೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಆ ವರ್ಷ ನಿಯಮ ಏನಾದರೂ ಬದಲಾಯಿತಾ? ಎರಡನೆಯದು: ಪ್ರಿನ್ಸಿಪಾಲ್ ಬದಲಾದರಾ?

ಎರಡನೇ ಪ್ರಶ್ನೆ ಸುಮ್ನೆ ಹೇಳಿದ್ದಲ್ಲ. ಟೆಕ್ಸಾಸ್‌ನಲ್ಲೇ ಸುಮಾರು ಹತ್ತು ಲಕ್ಷ ಮಕ್ಕಳನ್ನು ಏಳನೇ ಕ್ಲಾಸಿನಿಂದ ಆರು ವರ್ಷ ಹಿಂಬಾಲಿಸಿದ ದೊಡ್ಡ ಅಧ್ಯಯನ 2011ರಲ್ಲಿ ಹೊರಬಂತು. ಅದರಲ್ಲಿ ಎರಡು ಮಾತು ಎದ್ದು ಕಂಡವು. ಮಕ್ಕಳ ಹಿನ್ನೆಲೆ ಒಂದೇ ಥರ ಇರುವ ಶಾಲೆಗಳ ನಡುವೆಯೂ ಶಿಕ್ಷೆಯ ದರ ತುಂಬ ಬೇರೆ ಬೇರೆ ಇತ್ತು. ಮತ್ತು ಒಟ್ಟು ಶಿಕ್ಷೆಗಳಲ್ಲಿ ಕಾನೂನೇ ‘ಕೊಡಲೇಬೇಕು’ ಅಂದದ್ದು ಶೇ 3 ಮಾತ್ರ. ಮಿಕ್ಕದ್ದೆಲ್ಲ ಶಾಲೆಯ ವಿವೇಚನೆ. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇದೆ, ಓದುವವರನ್ನು ಗಾಬರಿ ಮಾಡುವಂಥದ್ದು. ಏಳರಿಂದ ಹನ್ನೆರಡನೇ ಕ್ಲಾಸಿನೊಳಗೆ ಒಮ್ಮೆಯಾದರೂ ಸಸ್ಪೆಂಡ್ ಆದ ಅಥವಾ ತೆಗೆದುಹಾಕಿಸಿಕೊಂಡ ಮಕ್ಕಳು ಸುಮಾರು ಶೇ 60. ಒಂದೇ ವರ್ಷದ ದರ ನೋಡಿ ರೂಢಿಯಾದವರಿಗೆ ಇದು ನಂಬಲಾಗದ್ದು. ಆದರೆ ಒಂದು ವರ್ಷದಲ್ಲಿ ಸಸ್ಪೆಂಡ್ ಆದವರನ್ನು ಎಣಿಸುವುದು ಬೇರೆ, ಆರು ವರ್ಷದಲ್ಲಿ ಯಾವಾಗಲಾದರೂ ಆದವರನ್ನು ಎಣಿಸುವುದು ಬೇರೆ. ಅದರಲ್ಲಿ ಶಾಲೆಯೊಳಗಿನ ಸಸ್ಪೆನ್ಷನ್ನೂ ಸೇರಿತ್ತು. ಈ ಥರ ಅಂಕಿ ಎದುರಾದಾಗ ಎಷ್ಟು ಕಾಲದ್ದು, ಏನೇನು ಸೇರಿಸಿದ್ದು ಅಂತ ನೋಡಿಕೊಂಡೇ ಮುಂದೆ ಹೋಗಬೇಕು.

ಶೇ 2ರ ಶಾಲೆಗೂ ನಾನು ಅಷ್ಟೇ ಪ್ರಶ್ನೆ ಕೇಳುತ್ತೇನೆ. ಕಡಿಮೆ ಅಂಕಿಗೆ ಎರಡು ದಾರಿ ಇದೆ. ಒಂದು, ಶಾಲೆ ನಿಜವಾಗಿ ಚೆನ್ನಾಗಿ ನಡೆಯುತ್ತಿದೆ, ಟೀಚರುಗಳಿಗೆ ಮಕ್ಕಳನ್ನು ಸಂಭಾಳಿಸಲು ಬರುತ್ತದೆ. ಇನ್ನೊಂದು, ದಾಖಲೆ ಮಾಡುತ್ತಿಲ್ಲ. 2017ರಲ್ಲಿ ರಾಜಧಾನಿ ವಾಷಿಂಗ್ಟನ್‌ನ ಕೆಲವು ಸರಕಾರಿ ಹೈಸ್ಕೂಲುಗಳು ಮಕ್ಕಳನ್ನು ಮನೆಗೆ ಕಳಿಸಿ ಅದನ್ನು ಸಸ್ಪೆನ್ಷನ್ ಅಂತ ಬರೆಯದೇ ಬಿಡುತ್ತಿದ್ದದ್ದು ಪತ್ರಿಕೆಯಲ್ಲಿ ಬಯಲಾಯಿತು. ಕಾಗದದ ಮೇಲೆ ಸಸ್ಪೆನ್ಷನ್ ಇಳಿದಿತ್ತು, ಮಕ್ಕಳು ಮಾತ್ರ ಮನೆಯಲ್ಲಿದ್ದರು. ‘ಇವತ್ತು ಅವನಿಗೆ ಸರಿ ಇಲ್ಲ, ಬೇಗ ಬಂದು ಕರೆದುಕೊಂಡು ಹೋಗಿ’ ಅಂತ ವಾರಕ್ಕೆರಡು ಸಲ ಫೋನ್ ಬರುವುದೂ ಇದೇ ಜಾತಿ. ಎಡಿಎಚ್‌ಡಿ ಇರುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಈ ಫೋನ್ ಚೆನ್ನಾಗಿ ಗೊತ್ತು. ಅದು ಯಾವ ವರದಿಯಲ್ಲೂ ಇರುವುದಿಲ್ಲ.

ಸೊನ್ನೆಯ ಬಗ್ಗೆ ಒಂದು ಮಾತು. ಮಕ್ಕಳನ್ನು ಬಲವಂತವಾಗಿ ಹಿಡಿದಿಡುವುದು, ಒಂಟಿಯಾಗಿ ಕೋಣೆಯಲ್ಲಿ ಕೂಡಿಹಾಕುವುದು ಎಷ್ಟು ಸಲ ಆಯಿತು ಅಂತ ಫೆಡರಲ್ ಸರಕಾರ ಕೇಳುತ್ತದೆ. 2015–16ರಲ್ಲಿ ದೇಶದ ಸುಮಾರು ಶೇ 70ರಷ್ಟು ಡಿಸ್ಟ್ರಿಕ್ಟುಗಳು ಸೊನ್ನೆ ಅಂತ ಬರೆದು ಕಳಿಸಿದ್ದವು. ಸರಕಾರದ ಲೆಕ್ಕ ತಪಾಸಣೆ ಮಾಡುವ ಜಿಎಒ ಇದನ್ನು ನೋಡಿ, ಈ ಅಂಕಿಗಳನ್ನು ನಂಬುವಂತಿಲ್ಲ, ಕೂಡಲೇ ಸರಿಮಾಡಿ ಅಂತ 2019ರಲ್ಲಿ ಹೇಳಿತು. ಏನೂ ನಡೆದಿಲ್ಲ ಅನ್ನುವುದಕ್ಕೂ ಸೊನ್ನೆ ಬರೆಯುತ್ತಾರೆ, ಎಣಿಸಿಲ್ಲ ಅನ್ನುವುದಕ್ಕೂ ಸೊನ್ನೆ ಬರೆಯುತ್ತಾರೆ.

ಉಲ್ಟಾ ತಪ್ಪೂ ಆಗುತ್ತದೆ. 2015–16ರ ಫೆಡರಲ್ ಲೆಕ್ಕದಲ್ಲಿ ಸುಮಾರು 240 ಶಾಲೆಗಳು ತಮ್ಮಲ್ಲಿ ಗುಂಡು ಹಾರಿದ ಘಟನೆ ನಡೆದಿದೆ ಅಂತ ವರದಿ ಮಾಡಿದ್ದವು. ಎನ್‌ಪಿಆರ್ ರೇಡಿಯೋದವರು ಒಂದೊಂದೇ ಶಾಲೆಯನ್ನು ಸಂಪರ್ಕಿಸಿದರು. ಅವರಿಗೆ ಖಚಿತವಾದದ್ದು 11 ಮಾತ್ರ. ಕ್ಲೀವ್‌ಲ್ಯಾಂಡ್ ಡಿಸ್ಟ್ರಿಕ್ಟಿನಲ್ಲಿ 37 ಅಂತ ಇತ್ತು. ಅದು ಚಾಕುವೋ ಬಂದೂಕೋ ಇಟ್ಟುಕೊಂಡ ಪ್ರಕರಣಗಳ ಸಂಖ್ಯೆ, ತಪ್ಪು ಸಾಲಿನಲ್ಲಿ ಬಿದ್ದಿತ್ತು. ಒಂದು ಸಾಲು ಮೇಲೆ ಕೆಳಗೆ ಆಗಿದ್ದಕ್ಕೆ ಎಷ್ಟು ಅಪ್ಪ ಅಮ್ಮಂದಿರು ರಾತ್ರಿ ನಿದ್ದೆಗೆಟ್ಟರೋ. ಯಾವುದಾದರೂ ಅಂಕಿ ತೀರಾ ವಿಚಿತ್ರ ಅನಿಸಿದರೆ ಶಾಲೆಗೆ ಫೋನ್ ಮಾಡಿ ಕೇಳಿ. ಅವರಿಗೇ ಗೊತ್ತಿಲ್ಲದೆ ಇರಬಹುದು.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ನೀವು ನೋಡಿದ ಬಣ್ಣ ರಾಜ್ಯದ ‘ಕ್ಯಾಲಿಫೋರ್ನಿಯಾ ಸ್ಕೂಲ್ ಡ್ಯಾಶ್‌ಬೋರ್ಡ್’ ವರದಿಯದ್ದು, ಅದರಲ್ಲಿ ಎರಡು ವಿಷಯ ಬೆರೆತಿವೆ. ಈ ವರ್ಷ ದರ ಎಷ್ಟಿದೆ ಅನ್ನುವುದು ಒಂದು, ಹೋದ ವರ್ಷಕ್ಕಿಂತ ಏರಿತೋ ಇಳಿಯಿತೋ ಅನ್ನುವುದು ಇನ್ನೊಂದು. ಹಾಗಾಗಿ ದರ ಜಾಸ್ತಿ ಇದ್ದೂ ಇಳಿಯುತ್ತಿರುವ ಶಾಲೆಗೆ ಒಳ್ಳೆಯ ಬಣ್ಣ ಬರಬಹುದು, ದರ ಕಡಿಮೆ ಇದ್ದೂ ಏರುತ್ತಿರುವ ಶಾಲೆಗೆ ಕಿತ್ತಳೆ ಬರಬಹುದು. ಪ್ರೈಮರಿ, ಮಿಡ್ಲ್, ಹೈಸ್ಕೂಲಿಗೆ ಗಡಿಗಳೂ ಬೇರೆ ಬೇರೆ. ಮಿಡ್ಲ್ ಸ್ಕೂಲ್ ಅಂದರೆ ಹನ್ನೊಂದರಿಂದ ಹದಿನಾಲ್ಕರ ವಯಸ್ಸು, ಗಲಾಟೆಯ ವಯಸ್ಸು. ಅದನ್ನು ನಿಮ್ಮ ಮಗನ ಈಗಿನ ಪ್ರೈಮರಿ ಶಾಲೆಯ ದರದ ಜೊತೆ ಹೋಲಿಸಬೇಡಿ. ಎರಡು ಮಿಡ್ಲ್ ಸ್ಕೂಲುಗಳನ್ನು ಮಾತ್ರ ಹೋಲಿಸಿ.

ಒಂದೇ ವರ್ಷ ನೋಡಬೇಡಿ, ಮೂರು ನಾಲ್ಕು ವರ್ಷ ಸಾಲಾಗಿ ನೋಡಿ. ಆದರೆ 2020–21ನ್ನು ಬಿಟ್ಟುಬಿಡಿ. ಆ ವರ್ಷ ಬಹಳಷ್ಟು ಮಕ್ಕಳು ಮನೆಯಿಂದಲೇ ಓದಿದರು. ಕ್ಯಾಲಿಫೋರ್ನಿಯಾದ ದರ ಶೇ 0.2ಕ್ಕೆ ಬಿದ್ದಿತ್ತು. ದೇಶದ ಲೆಕ್ಕದಲ್ಲಿ 2017–18ರಲ್ಲಿ ಸುಮಾರು 25 ಲಕ್ಷ ಮಕ್ಕಳು ಶಾಲೆಯಿಂದ ಹೊರಗೆ ಸಸ್ಪೆಂಡ್ ಆಗಿದ್ದರೆ, 2020–21ರಲ್ಲಿ ಅದು 7.86 ಲಕ್ಷ. ಈ ವರ್ಷವನ್ನು ಬುಡವಾಗಿ ಇಟ್ಟುಕೊಂಡು ‘ಆಮೇಲೆ ಎಷ್ಟೋ ಪಟ್ಟು ಏರಿತು’ ಅಂತ ಬರೆಯುವವರು ಇದ್ದಾರೆ. ಆ ಏರಿಕೆಗೆ ಅರ್ಥವೇ ಇಲ್ಲ. 2017–18ರ 25 ಲಕ್ಷ ಮಕ್ಕಳು ಸೇರಿ ಕಳೆದುಕೊಂಡ ಶಾಲಾ ದಿನಗಳು 1 ಕೋಟಿ 12 ಲಕ್ಷ ಅನ್ನುವುದೂ ಅದೇ ಲೆಕ್ಕದಲ್ಲಿದೆ. ನನ್ನ ಮಟ್ಟಿಗೆ ಆ ದಿನಗಳ ಸಂಖ್ಯೆಯೇ ಎಲ್ಲಕ್ಕಿಂತ ಮುಖ್ಯ. ಮಗುವಿಗೆ ಆದ ನಷ್ಟ ಅದರಲ್ಲಿ ಕಾಣುತ್ತದೆ.

ಇನ್ನು ನಿಮ್ಮ ಗುಂಪಿನಲ್ಲಿ ಕಪ್ಪು ಮಕ್ಕಳ ಬಗ್ಗೆ ಬಂದ ಮಾತು. ಇದಕ್ಕೆ ಸಮಾಧಾನವಾಗಿ ಉತ್ತರ ಕೊಡಬೇಕು ಅಂತ ನನ್ನ ಆಸೆ, ಯಾಕೆಂದರೆ ನಮ್ಮವರು ಈ ಅಂಕಿಗಳನ್ನು ತಪ್ಪಾಗಿ ಓದಿ ನೆರೆಯವರ ಮಕ್ಕಳ ಬಗ್ಗೆ ಭಯ ಬೆಳೆಸಿಕೊಳ್ಳುವುದನ್ನು ನಾನು ತುಂಬ ಸಲ ನೋಡಿದ್ದೇನೆ.

ಹೆಚ್ಚಾಗಿ ಓಡಾಡುವ ಅಂಕಿ ಜಿಎಒದ 2018ರ ವರದಿಯದ್ದು. 2013–14ರಲ್ಲಿ ಸರಕಾರಿ ಶಾಲೆಯ ಮಕ್ಕಳಲ್ಲಿ ಕಪ್ಪು ಮಕ್ಕಳು ಶೇ 15.5, ಸಸ್ಪೆಂಡ್ ಆದವರಲ್ಲಿ ಸುಮಾರು ಶೇ 39. ಇದನ್ನು ಓದಿ ‘ಕಪ್ಪು ಮಕ್ಕಳಲ್ಲಿ ಶೇ 39 ಜನ ಸಸ್ಪೆಂಡ್ ಆಗಿದ್ದಾರೆ’ ಅಂತ ಹೇಳುವವರು ಬಹಳ. ಅದು ಹಾಗಲ್ಲ. ಸಸ್ಪೆಂಡ್ ಆದ ನೂರು ಮಕ್ಕಳನ್ನು ಒಂದು ಕಡೆ ನಿಲ್ಲಿಸಿದರೆ ಅವರಲ್ಲಿ 39 ಮಂದಿ ಕಪ್ಪು ಮಕ್ಕಳು ಅಂತ. ನೂರು ಕಪ್ಪು ಮಕ್ಕಳಲ್ಲಿ ಎಷ್ಟು ಮಂದಿ ಅನ್ನುವುದು ಬೇರೆಯೇ ಪ್ರಶ್ನೆ. ಅದಕ್ಕೂ ಅದೇ ವರ್ಷದ ಫೆಡರಲ್ ಲೆಕ್ಕದಲ್ಲಿ ಉತ್ತರ ಇದೆ. ಒಮ್ಮೆಯಾದರೂ ಶಾಲೆಯಿಂದ ಹೊರಗೆ ಸಸ್ಪೆಂಡ್ ಆದವರು ಕಪ್ಪು ಹುಡುಗರಲ್ಲಿ ಶೇ 18, ಕಪ್ಪು ಹುಡುಗಿಯರಲ್ಲಿ ಶೇ 10, ಬಿಳಿ ಹುಡುಗರಲ್ಲಿ ಶೇ 5, ಬಿಳಿ ಹುಡುಗಿಯರಲ್ಲಿ ಶೇ 2. ಈ ಅಂತರ ದೊಡ್ಡದು, ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಅದರ ಜೊತೆಗೇ, ನೂರರಲ್ಲಿ 82 ಕಪ್ಪು ಹುಡುಗರು ಆ ವರ್ಷ ಒಮ್ಮೆಯೂ ಸಸ್ಪೆಂಡ್ ಆಗಲಿಲ್ಲ ಅನ್ನುವುದೂ ಅದೇ ಅಂಕಿಯಲ್ಲಿದೆ. ನಿಮ್ಮ ಮಗನ ಪಕ್ಕದ ಬೆಂಚಿನಲ್ಲಿ ಕೂರುವ ಹುಡುಗ ಎಂಥವನು ಅನ್ನುವುದನ್ನು ಇದು ಹೇಳುವುದಿಲ್ಲ.

ಅಂತರ ಯಾಕೆ ಬಂತು ಅನ್ನುವುದನ್ನು ಈ ಅಂಕಿ ಒಂದೇ ತೋರಿಸಿಕೊಡಲಾರದು. ಆದರೆ ‘ಅವರ ನಡತೆ ಹಾಗೆ’ ಅಂತ ಷರಾ ಬರೆದು ಮುಗಿಸುವವರು ನಾನು ಮೇಲೆ ಹೇಳಿದ ಟೆಕ್ಸಾಸ್ ಅಧ್ಯಯನವನ್ನು ಓದಬೇಕು. ಬಡತನ, ಅಂಕ, ಹಾಜರಿ ಹೀಗೆ 83 ಅಂಶಗಳನ್ನು ಸರಿದೂಗಿಸಿದ ಮೇಲೂ ಶಾಲೆಯ ವಿವೇಚನೆಗೆ ಬಿಟ್ಟ ತಪ್ಪುಗಳಲ್ಲಿ ಕಪ್ಪು ಮಕ್ಕಳಿಗೆ ಶಿಕ್ಷೆ ಆಗುವ ಸಾಧ್ಯತೆ, ಉಳಿದೆಲ್ಲ ವಿಷಯದಲ್ಲಿ ಅವರಂತೆಯೇ ಇದ್ದ ಬಿಳಿ ಮಕ್ಕಳಿಗಿಂತ ಶೇ 31 ಜಾಸ್ತಿ ಇತ್ತು. ಕಾನೂನೇ ಕಡ್ಡಾಯ ಮಾಡಿದ ಗಂಭೀರ ತಪ್ಪುಗಳಲ್ಲಿ ಆ ಥರದ ಹೆಚ್ಚಳ ಇರಲಿಲ್ಲ. ಹೆಚ್ಚಳ ಇದ್ದದ್ದು ದೊಡ್ಡವರ ತೀರ್ಮಾನಕ್ಕೆ ಜಾಗ ಇದ್ದ ಕಡೆ. ಇದನ್ನು ಆ ಗುಂಪಿನಲ್ಲಿ ದಯವಿಟ್ಟು ಹಾಕಿ.

‘ಇಷ್ಟು ಪಟ್ಟು’ ಅನ್ನುವ ಲೆಕ್ಕದಲ್ಲೂ ಒಂದು ಗುಂಡಿ ಇದೆ. ಉದಾಹರಣೆಗೆ ಒಂದು ಡಿಸ್ಟ್ರಿಕ್ಟಿನಲ್ಲಿ ಒಂದು ಗುಂಪಿನ ದರ ಶೇ 12, ಇನ್ನೊಂದರದ್ದು ಶೇ 4 ಅಂತ ಇಟ್ಟುಕೊಳ್ಳಿ. ಮೂರು ಪಟ್ಟು. ಐದು ವರ್ಷದ ನಂತರ ಶೇ 6 ಮತ್ತು ಶೇ 1.5 ಆಯಿತು. ಈಗ ನಾಲ್ಕು ಪಟ್ಟು. ಪತ್ರಿಕೆಯಲ್ಲಿ ‘ತಾರತಮ್ಯ ಹೆಚ್ಚಿತು’ ಅಂತ ಬರುತ್ತದೆ. ಡಿಸ್ಟ್ರಿಕ್ಟಿನವರು ‘ಅಂತರ 8 ಪಾಯಿಂಟಿನಿಂದ 4.5ಕ್ಕೆ ಇಳಿಯಿತು’ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೊದಲಿಗಿಂತ ಅರ್ಧದಷ್ಟು ಮಕ್ಕಳು ಮಾತ್ರ ಮನೆಗೆ ಹೋಗುತ್ತಿದ್ದಾರೆ, ಇದು ನಿಜವಾದ ಲಾಭ. ಆದರೆ ಆ ಲಾಭ ಎರಡು ಗುಂಪಿಗೆ ಒಂದೇ ಸಮ ಹೋಗಿಲ್ಲ, ಇದೂ ನಿಜ. ಯಾರಾದರೂ ಬರೀ ಪಟ್ಟು ಹೇಳಿದರೆ ದರ ಕೇಳಿ, ಬರೀ ದರ ಹೇಳಿದರೆ ಪಟ್ಟು ಕೇಳಿ.

ಚಿಕ್ಕ ಗುಂಪುಗಳ ಶೇಕಡಾ ನೋಡಿ ಏನೂ ತೀರ್ಮಾನ ಮಾಡಬೇಡಿ. 20 ಮಕ್ಕಳಲ್ಲಿ ಇಬ್ಬರು ಹೊಡೆದಾಡಿಕೊಂಡರೆ ಶೇ 10. ಮುಂದಿನ ವರ್ಷ ಇಬ್ಬರೂ ಬೇರೆ ಊರಿಗೆ ಹೋದರೆ ಶೇ 0. ಅದಕ್ಕೇ ಡ್ಯಾಶ್‌ಬೋರ್ಡಿನಲ್ಲಿ 11ಕ್ಕಿಂತ ಕಡಿಮೆ ಮಕ್ಕಳಿರುವ ಗುಂಪಿನ ಅಂಕಿಯನ್ನೇ ತೋರಿಸುವುದಿಲ್ಲ, 30ಕ್ಕಿಂತ ಕಡಿಮೆ ಇದ್ದರೆ ಬಣ್ಣ ಕೊಡುವುದಿಲ್ಲ. ಮಕ್ಕಳ ಗುರುತು ಕಾಪಾಡುವುದೂ ಒಂದು ಕಾರಣ. ಅಂಕಿಯ ಜಾಗದಲ್ಲಿ ನಕ್ಷತ್ರದ ಗುರುತು ಕಂಡರೆ ಅದನ್ನು ಸೊನ್ನೆ ಅಂತ ಓದಬೇಡಿ. ‘ಏಷ್ಯನ್’ ಸಾಲನ್ನೂ ಅತಿಯಾಗಿ ನಂಬಬೇಡಿ. ಅದರಲ್ಲಿ ನಮ್ಮವರು, ಚೀನಾದವರು, ವಿಯೆಟ್ನಾಮಿನವರು ಎಲ್ಲ ಒಟ್ಟಿಗೆ ಇದ್ದಾರೆ. ಆ ಸಾಲಿನ ದರ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಅದನ್ನು ನೋಡಿ ‘ನಮ್ಮ ಮಕ್ಕಳಿಗೆ ಇದು ಸಂಬಂಧ ಇಲ್ಲ’ ಅಂತ ನಿರಾಳವಾಗುವ ಅಪ್ಪ ಅಮ್ಮಂದಿರಿದ್ದಾರೆ.

ನಿಮಗೆ ಸಂಬಂಧ ಇದೆ. ನಿಮ್ಮ ಮಗನ ವಿಷಯಕ್ಕೆ ಬಂದರೆ ನಾನು ಒಟ್ಟು ದರವನ್ನು ಬದಿಗಿಟ್ಟು ವಿಶೇಷ ಅಗತ್ಯ ಇರುವ ಮಕ್ಕಳ ಸಾಲನ್ನು ನೋಡುತ್ತೇನೆ. 2013–14ರ ಲೆಕ್ಕದಲ್ಲಿ ದೇಶದ ಮಕ್ಕಳಲ್ಲಿ ಅವರು ಸುಮಾರು ಶೇ 12, ಸಸ್ಪೆಂಡ್ ಆದವರಲ್ಲಿ ನಾಲ್ಕರಲ್ಲಿ ಒಂದು ಪಾಲಿನ ಹತ್ತಿರ. ಒಟ್ಟು ದರ ಶೇ 2 ಇರುವ ಶಾಲೆಯಲ್ಲೂ ಈ ಸಾಲಿನ ದರ ಅದರ ನಾಲ್ಕೈದು ಪಟ್ಟು ಇರಬಹುದು. ಹಾಗೇನಾದರೂ ಇದ್ದರೆ ಆ ಹಸಿರು ಬಣ್ಣ ನಿಮ್ಮ ಮಗನಿಗೆ ಅನ್ವಯಿಸುವುದಿಲ್ಲ. ಶೇ 7ರ ಶಾಲೆಯಲ್ಲಿ ಈ ಸಾಲೂ ಶೇ 7ರ ಹತ್ತಿರವೇ ಇದ್ದರೆ, ಅಲ್ಲಿ ಇಂಥ ಮಕ್ಕಳನ್ನು ಬೇರೆ ಮಾಡಿ ನೋಡುತ್ತಿಲ್ಲ ಅನ್ನುವ ಸುಳಿವು ಸಿಗುತ್ತದೆ. ನಾನಂತೂ ಅಂಥ ಶಾಲೆಯನ್ನು ತಳ್ಳಿಹಾಕುವುದಿಲ್ಲ.

ಒಂದು ತೊಡಕು ಇದೆ. ಡ್ಯಾಶ್‌ಬೋರ್ಡಿನ ಆ ಸಾಲಿನಲ್ಲಿ ಬರುವುದು ಐಇಪಿ (ವಿಶೇಷ ಶಿಕ್ಷಣ ಪಡೆಯುವ ಮಗುವಿಗೆಂದೇ ಮಾಡುವ ಯೋಜನೆ) ಇರುವ ಮಕ್ಕಳು. ಬರೀ 504 ಪ್ಲಾನ್ ಇರುವವರು ಅದರಲ್ಲಿ ಇರುವುದಿಲ್ಲ. 504 ಮಕ್ಕಳ ಲೆಕ್ಕ ಬೇಕಾದರೆ ಫೆಡರಲ್ ಶಿಕ್ಷಣ ಇಲಾಖೆಯ ಸಿವಿಲ್ ರೈಟ್ಸ್ ಡೇಟಾ ಕಲೆಕ್ಷನ್‌ಗೆ ಹೋಗಬೇಕು. ಅಲ್ಲಿ ಶಾಲೆಯ ಹೆಸರು ಹಾಕಿದರೆ ಐಇಪಿ ಮಕ್ಕಳು ಬೇರೆ, 504 ಮಕ್ಕಳು ಬೇರೆ ಅಂತ ಸಿಗುತ್ತದೆ. ಆದರೆ ಅದು ತಡವಾಗಿ ಬರುತ್ತದೆ. 2021–22ರ ಅಂಕಿ ಹೊರಬಂದದ್ದು 2025ರ ಜನವರಿಯಲ್ಲಿ. ಎಣಿಸುವ ರೀತಿಯೂ ಬೇರೆ. ಫೆಡರಲ್ ಲೆಕ್ಕಕ್ಕೆ ಅರ್ಧ ದಿನ ಹೊರಗಿಟ್ಟರೂ ಸಾಕು. ಡ್ಯಾಶ್‌ಬೋರ್ಡಿಗೆ ವರ್ಷದಲ್ಲಿ ಎಲ್ಲ ಕೂಡಿಸಿ ಒಂದು ಪೂರ್ತಿ ದಿನವಾದರೂ ಆಗಿರಬೇಕು. ಎರಡು ಕಡೆಯ ಅಂಕಿ ತಾಳೆ ಆಗದಿದ್ದರೆ ಯಾರೋ ಮುಚ್ಚಿಟ್ಟಿದ್ದಾರೆ ಅಂದುಕೊಳ್ಳಬೇಡಿ.

ಅಂಕಿ ನೋಡಿದ ಮೇಲೆ ಎರಡೂ ಶಾಲೆಗೆ ಒಮ್ಮೆ ಹೋಗಿ ಬನ್ನಿ. ‘ಕ್ಯಾಲಿಫೋರ್ನಿಯಾ ಹೆಲ್ದಿ ಕಿಡ್ಸ್’ ಸಮೀಕ್ಷೆಯ ಫಲಿತಾಂಶ ಕೇಳಿ. ಏಳನೇ ಕ್ಲಾಸಿನ ಮಕ್ಕಳೇ ಶಾಲೆ ಎಷ್ಟು ಸುರಕ್ಷಿತ ಅನಿಸುತ್ತದೆ ಅಂತ ಅದರಲ್ಲಿ ಹೇಳಿರುತ್ತಾರೆ. ಅದು ಮಕ್ಕಳ ಬಾಯಿಂದ ಬಂದ ಮಾತು, ಸಸ್ಪೆನ್ಷನ್ ದರಕ್ಕಿಂತ ನಿಮ್ಮ ಪ್ರಶ್ನೆಗೆ ಹತ್ತಿರದ್ದು. ಆಮೇಲೆ ವೈಸ್ ಪ್ರಿನ್ಸಿಪಾಲರನ್ನು ಭೇಟಿ ಮಾಡಿ. ‘ನಿಮ್ಮ ಸಸ್ಪೆನ್ಷನ್ ಯಾಕೆ ಜಾಸ್ತಿ’ ಅಂತ ಶುರು ಮಾಡಿದರೆ ಅವರು ರಕ್ಷಣೆಗೆ ನಿಲ್ಲುತ್ತಾರೆ. ಅದರ ಬದಲು, ಪಾಠದ ಮಧ್ಯೆ ಎದ್ದು ಓಡಾಡುವ ಹುಡುಗನಿಗೆ ನಿಮ್ಮಲ್ಲಿ ಮೊದಲು ಏನು ಮಾಡುತ್ತೀರಿ, ಆಮೇಲೆ ಏನು ಮಾಡುತ್ತೀರಿ ಅಂತ ಕೇಳಿ. ಸಸ್ಪೆಂಡ್ ಆಗಿ ವಾಪಸ್ ಬಂದ ದಿನ ಆ ಮಗುವಿನ ಜೊತೆ ಯಾರು ಕೂತು ಮಾತಾಡುತ್ತಾರೆ ಅಂತ ಕೇಳಿ. ಮಕ್ಕಳನ್ನು ಬೇಗ ಮನೆಗೆ ಕಳಿಸಿದರೆ ಅದನ್ನು ಎಲ್ಲಿ ಬರೆದಿಡುತ್ತೀರಿ ಅಂತಲೂ ಕೇಳಿ. ಒಂದು ಶಾಲೆ ಯಾರು ಏನು ಮಾಡುತ್ತಾರೆ ಅಂತ ಹೆಸರು ಹಿಡಿದು, ಹೆಜ್ಜೆ ಹೆಜ್ಜೆಯಾಗಿ ಹೇಳಬಹುದು. ಇನ್ನೊಂದು ‘ಇಲ್ಲಿ ಅಂಥದ್ದೇನೂ ಆಗುವುದಿಲ್ಲ’ ಅನ್ನಬಹುದು. ಶೇಕಡಾ ಏನೇ ಇರಲಿ, ನನ್ನ ಆಯ್ಕೆ ಮೊದಲನೆಯದು.

ಯಾವ ಶಾಲೆಗೆ ಸೇರಿಸಿದರೂ ಇದೊಂದು ತಿಳಿದಿರಲಿ. 504 ಪ್ಲಾನ್ ಇರುವ ಮಗುವನ್ನು ಶಿಸ್ತಿನ ಕಾರಣಕ್ಕೆ ಸತತವಾಗಿ 10 ಶಾಲಾ ದಿನಕ್ಕಿಂತ ಜಾಸ್ತಿ ಹೊರಗಿಡಬೇಕು ಅಂತಾದರೆ, ಆ ನಡತೆಗೆ ಅವನ ಸಮಸ್ಯೆಯೇ ಕಾರಣವಾ ಅಂತ ಶಾಲೆ ಮೊದಲು ಪರಿಶೀಲಿಸಬೇಕು. ಬಿಡಿ ಬಿಡಿಯಾಗಿ ಕಳಿಸಿದ ದಿನಗಳು ಕೂಡಿ ಒಂದು ಸರಣಿ ಆದರೂ ಅಷ್ಟೇ. ಬೇಗ ಮನೆಗೆ ಕಳಿಸಿದ ದಿನಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಅಂತ ನೀವು ಕೇಳಬಹುದು. ಅದಕ್ಕೆ ಫೋನ್ ಬಂದ ದಿನ, ಹೊತ್ತು, ಏನು ಹೇಳಿದರು ಅನ್ನುವುದನ್ನು ಮೊದಲ ದಿನದಿಂದಲೇ ಬರೆದಿಟ್ಟುಕೊಳ್ಳಿ. ಸಾಧ್ಯವಾದರೆ ಅವತ್ತೇ ಸಂಜೆ ಶಾಲೆಗೊಂದು ಇಮೇಲ್ ಹಾಕಿ: ‘ಇವತ್ತು 11 ಗಂಟೆಗೆ ನನ್ನ ಮಗನನ್ನು ಕರೆದುಕೊಂಡು ಹೋಗಲು ಹೇಳಿದಿರಿ, ಇದನ್ನು ದಾಖಲೆಯಲ್ಲಿ ಹೇಗೆ ಬರೆದಿದ್ದೀರಿ?’